ಗುಟ್ಟು ನಿಮ್ಮದೇ, ಜೆರಾಕ್ಸ್ ಮೂರು ಸೆಟ್

ದೆಹಲಿಯ ಓಖ್ಲಾದಲ್ಲಿ ನಟ್ಟು-ಬೋಲ್ಟು ತಯಾರಿಸುವ ತುಮಕೂರಿನ ಸಾಹುಕಾರರು ಆಡಿಟರ ಮೇಜಿನ ಮೇಲೆ ಫೈಲನ್ನು ಧೊಪ್ಪನೆ ಹಾಕಿದರು.

"ನನ್ನ ಲೆಕ್ಕ ಗುಟ್ಟು ಅಂತೀರಿ ಆಡಿಟ್ರೇ. ಉದ್ಯಮ್ ನೋಂದಣಿಗೆ ಕೂತರೆ ಕಂಪ್ಯೂಟರಿಗೆ ಎಲ್ಲಾ ಮೊದಲೇ ಗೊತ್ತು!"

"ಗೊತ್ತಿರಲೇಬೇಕಲ್ಲ ಸಾರ್. ನೇರ ತೆರಿಗೆ ಮಂಡಳಿಗೂ ಸಣ್ಣ ಉದ್ಯಮಗಳ ಉದ್ಯಮ್ ನೋಂದಣಿ ನೋಡುವ ಎಂಎಸ್‌ಎಂಇ ಸಚಿವಾಲಯಕ್ಕೂ 2020ರ ಜುಲೈ 20ರಂದೇ ಒಪ್ಪಂದವಾಯ್ತು. ರಿಟರ್ನ್ಸ್‌ನ ಕೆಲವು ಮಾಹಿತಿ ಅಲ್ಲಿಂದ ಇಲ್ಲಿಗೆ. ಮರುದಿನ ಅದೇ ನೇರ ತೆರಿಗೆ ಮಂಡಳಿಗೆ ಪರೋಕ್ಷ ತೆರಿಗೆ ಮಂಡಳಿ ಜೊತೆ ಇನ್ನೊಂದು."

"ಎರಡೇ ದಿನದಲ್ಲಿ ಎರಡು ಬೀಗತನ! ಮತ್ತೆ ಗುಟ್ಟು ಎಲ್ಲಿ ಉಳೀತು?"

"ಆದಾಯ ತೆರಿಗೆ ಕಾಯ್ದೆಯಲ್ಲಿ. ಜಿಎಸ್‌ಟಿಯದ್ದಾದರೆ ಅದರ ಕಾಯ್ದೆಯ 158ನೇ ಕಲಮಿನಲ್ಲಿ. ಕಾನೂನು ಒಪ್ಪಿದವರಿಗೆ ಮಾತ್ರ ಹೇಳಬಹುದು."

"ಅಂದರೆ ಪಕ್ಕದ ಶೆಡ್ಡಿನವನಿಗೆ ಗುಟ್ಟು, ಸರ್ಕಾರಕ್ಕೆ ಸುದ್ದಿ."

"ಅದರಿಂದ ನಿಮಗೇ ಲಾಭ. ಉದ್ಯಮ್ ನೋಂದಣಿಗೆ ಒಂದೂ ಕಾಗದ ಅಂಟಿಸಬೇಕಿಲ್ಲ. 2025ರ ಏಪ್ರಿಲ್‌ನಿಂದ ಹೂಡಿಕೆ 2.5 ಕೋಟಿ, ವಹಿವಾಟು 10 ಕೋಟಿ ದಾಟದಿದ್ದರೆ ನೀವು ಸೂಕ್ಷ್ಮ ಉದ್ಯಮ."

ಸಾಹುಕಾರರು ತಮ್ಮ ಹೊಟ್ಟೆಯತ್ತ ನೋಡಿಕೊಂಡರು. "ಸೂಕ್ಷ್ಮ ಅಂತ ನನ್ನನ್ನು ಕರೆದವರು ಇವರೇ ಮೊದಲು."

ಇಬ್ಬರೂ ನಕ್ಕರು. ಚಹಾ ಬಂತು. ಕಾಗದವಿಲ್ಲದ ಯುಗದ ಬಗ್ಗೆ ಆಡಿಟರು ಇನ್ನೇನು ಭಾಷಣ ಶುರು ಮಾಡಬೇಕು, ಅಷ್ಟರಲ್ಲಿ ಸಾಹುಕಾರರ ಫೋನು ಬಡಿದುಕೊಂಡಿತು. ಸಾಲ ಕೇಳಿದ್ದ ಬ್ಯಾಂಕಿನವರು.

"ಮೂರು ವರ್ಷದ ರಿಟರ್ನ್ಸ್, ಜಿಎಸ್‌ಟಿ, ಉದ್ಯಮ್ ಪ್ರಮಾಣಪತ್ರ, ಎಲ್ಲಕ್ಕೂ ಸಹಿ ಹಾಕಿ ಮೂರು ಸೆಟ್ ಬೇಕಂತೆ."

"ಅವರ ಕಂಪ್ಯೂಟರಿಗೆ ಗೊತ್ತಿಲ್ವಂತಾ?"

"ಗೊತ್ತಂತೆ. ಫೈಲಿಗೆ ಗೊತ್ತಿಲ್ವಂತೆ."

ಆಡಿಟರು ಚಹಾ ಕೆಳಗಿಟ್ಟು ಒಳಗೆ ಕೂಗಿದರು: "ಲೋ, ಜೆರಾಕ್ಸಿಗೆ ಪೇಪರ್ ಇದೆಯೇನೋ?"