ಅಲ್ಪಾಂಕ ಮೀಮಾಂಸೆ: ಎನ್‌ಡಿಎ ಪ್ರಕರಣ

ಪ್ರಮಾಣಗಳು ಮೂರೇ ಎಂದರು ಮಧ್ವಾಚಾರ್ಯರು: ಪ್ರತ್ಯಕ್ಷ, ಅನುಮಾನ, ಆಗಮ. ಅವರ ಕಾಲದಲ್ಲಿ ಪಿಯುಸಿ ಇರಲಿಲ್ಲವಾದ್ದರಿಂದ ಮಾರ್ಕ್ಸ್‌ಕಾರ್ಡ್ ಎಂಬ ನಾಲ್ಕನೆಯ ಪ್ರಮಾಣ ಲೆಕ್ಕಕ್ಕೆ ಬಾರದೆ ಹೋಯಿತು. ಆ ಕೊರತೆಯನ್ನು ನೀಗಿಸಲು, ಕಾಪುವಿನಿಂದ ಕಾರ್ಕಳದವರೆಗಿನ ಸಮಸ್ತ ಅಲ್ಪಾಂಕಿಗಳ ಹಿತ ಬಯಸಿ, ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತವೆಂಬ ಶಾಸ್ತ್ರಕ್ರಮದಲ್ಲೇ ಈ ಪ್ರಕರಣವನ್ನು ಆರಂಭಿಸಲಾಗಿದೆ.

ವಿಷಯ

2024ರ ದ್ವಿತೀಯ ಪಿಯುಸಿಯಲ್ಲಿ ಉಡುಪಿ ಜಿಲ್ಲೆಗೆ ಶೇ. 96.80 ಫಲಿತಾಂಶ ಬಂತು. ದಕ್ಷಿಣ ಕನ್ನಡ ಶೇ. 97.37 ತೆಗೆದು ಮುಂದೆ ಹೋದದ್ದರಿಂದ ಇದನ್ನು ಸೋಲೆಂದೇ ಬಗೆಯಲಾಯಿತು. 2025ರಲ್ಲಿ ಶೇ. 93.90ಕ್ಕೆ ಇಳಿದರೂ ರಾಜ್ಯಕ್ಕೇ ಮೊದಲ ಸ್ಥಾನ ಸಿಕ್ಕಿದ್ದರಿಂದ ಗೆಲುವೆಂದು ಬಗೆಯಲಾಯಿತು. ತಾರತಮ್ಯ ಸತ್ಯವೆಂಬುದು ಇಲ್ಲಿ ಫ್ಲೆಕ್ಸ್‌ನಿಂದಲೇ ಸಿದ್ಧ: ರ‍್ಯಾಂಕ್ ಬಂದವರ ಫೋಟೋ ಆಳೆತ್ತರ, ಡಿಸ್ಟಿಂಕ್ಷನ್‌ನವರದು ಅಂಚೆಚೀಟಿ ಗಾತ್ರ, ಉಳಿದವರದು ಇಲ್ಲವೇ ಇಲ್ಲ.

ಅಲ್ಪಾಂಕಿ ಎಂದರೆ ಫೇಲಾದವನಲ್ಲ; ಅವನಿಗೆ ಊರಿನ ಕನಿಕರವಾದರೂ ಉಂಟು. ಎಸ್ಸೆಸ್ಸೆಲ್ಸಿಯಲ್ಲಿ 95 ತೆಗೆದು, ಪ್ರಥಮ ಪಿಯುಸಿಯಲ್ಲಿ 80ಕ್ಕೆ ಬಂದು, ದ್ವಿತೀಯದಲ್ಲಿ 58ಕ್ಕೆ ಜಾರಿದವನೇ ಶುದ್ಧ ಅಲ್ಪಾಂಕಿ. ಇಂಥವನು ಒಂದು ಸಂಜೆ ಮನೆಯ ಚಾವಡಿಯಲ್ಲಿ, ‘ನಾನು ಎನ್‌ಡಿಎಗೆ ಹಾಕ್ತೇನೆ’ ಎನ್ನುತ್ತಾನೆ.

ಸಂಶಯ

58ಕ್ಕೆ ಖಡಕ್‌ವಾಸ್ಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ, ಅಂದರೆ ಎನ್‌ಡಿಎಯ, ಬಾಗಿಲು ತೆರೆಯುವುದೋ ಇಲ್ಲವೋ?

ಪೂರ್ವಪಕ್ಷ

ಕಾರ್ಕಳದ ದೊಡ್ಡಪ್ಪನದು ಇತಿಹಾಸವಾದ: ‘1432ರಲ್ಲಿ 42 ಅಡಿ ಗೊಮ್ಮಟನನ್ನು ಬಂಡೆಯ ಮೇಲೆ ನಿಲ್ಲಿಸಿದ ಊರು ಮಾರಾಯ ನಮ್ಮದು! ನಿನಗೆ ಮ್ಯಾಥ್ಸ್‌ನಲ್ಲಿ 42 ದಾಟ್ಲಿಕ್ಕೆ ಆಗ್ಲಿಲ್ಲವಾ?’ ಕಾಪುವಿನ ಅತ್ತೆಯದು ಹರಕೆವಾದ. ಮಾರಿಗುಡಿಗೆ ಹೋಗಿ ಬಂದರೆ ಎಲ್ಲವೂ ಸರಿಹೋಗುತ್ತದೆ, ಅಂಕ ಸಹಿತ. ಮಣಿಪಾಲದ ಭಾವನದು ಡಿಗ್ರಿವಾದ: ‘ಮಿಲಿಟರಿಗೆ ಹೋದರೆ ಡಿಗ್ರಿ ಯಾರು ಕೊಡ್ತಾರೆ?’

ಖಂಡನ

ಭಾವನಿಗೆ ಮೊದಲ ಉತ್ತರ. ಎನ್‌ಡಿಎಯ ಮೂರು ವರ್ಷ ಮುಗಿಸಿದವನಿಗೆ ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದ ಡಿಗ್ರಿಯೇ ಸಿಗುತ್ತದೆ. ಹುಡುಗರಿಗಷ್ಟೇ ಅಲ್ಲ: ಸುಪ್ರೀಂ ಕೋರ್ಟಿನ 2021ರ ಆದೇಶದಿಂದ ದಾರಿ ತೆರೆದು, 2025ರ ಮೇ ತಿಂಗಳಲ್ಲಿ 17 ಹುಡುಗಿಯರ ಮೊದಲ ತಂಡ ಅಲ್ಲಿಂದ ಹೊರಬಂದಿದೆ. ಹೀಗಾಗಿ ಪಕ್ಕದ ಮನೆಯ ಹುಡುಗಿಯ ಜೊತೆಗಿನ ಹೋಲಿಕೆಯಿಂದ ತಪ್ಪಿಸಿಕೊಳ್ಳಲು ಅಲ್ಪಾಂಕಿ ಸೇನೆಗೆ ಓಡುವಂತಿಲ್ಲ.

ದೊಡ್ಡಪ್ಪನಿಗೆ ಉತ್ತರ ಇನ್ನೂ ಸೂಕ್ಷ್ಮ. ಎನ್‌ಡಿಎಗೆ ಪಿಯುಸಿ ಪಾಸಾಗಿದ್ದರೆ ಸಾಕು, ಇಂತಿಷ್ಟು ಶೇಕಡಾ ಎಂಬ ಗೆರೆಯಿಲ್ಲ. ವಾಯುಪಡೆ, ನೌಕಾಪಡೆಗೆ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಓದಿರಬೇಕು. ಭೂಸೇನೆಗೆ ಯಾವ ವಿಭಾಗವಾದರೂ ಆದೀತು. ಯುಪಿಎಸ್‌ಸಿ ವರ್ಷಕ್ಕೆರಡು ಸಲ ನಡೆಸುವ ಪರೀಕ್ಷೆಯಲ್ಲಿ ಗಣಿತಕ್ಕೆ 300, ಸಾಮಾನ್ಯ ಸಾಮರ್ಥ್ಯಕ್ಕೆ 600. ಅನಂತರ ಸರ್ವಿಸಸ್ ಸೆಲೆಕ್ಷನ್ ಬೋರ್ಡಿನ ಸಂದರ್ಶನಕ್ಕೆ, ಅಂದರೆ ಎಸ್‌ಎಸ್‌ಬಿಗೆ, 900. ಈ 1800ರಲ್ಲಿ ಪಿಯುಸಿಯ ಪಾಲು ಸೊನ್ನೆ. ಇನ್ನೊಂದು ವಿಚಿತ್ರ ಕೇಳಿ: ಈಚಿನ ವರ್ಷಗಳಲ್ಲಿ ಲಿಖಿತ ಪರೀಕ್ಷೆಯ ಕಟ್‌ಆಫ್ 900ಕ್ಕೆ 300ರ ಆಸುಪಾಸಿನಲ್ಲಿದೆ. ಉಡುಪಿಯಲ್ಲಿ ಯಾವ ಶೇಕಡಾ ಬಂದರೆ ಮನೆಮಂದಿ ಮದುವೆಮನೆಗೆ ಹೋಗುವುದನ್ನೇ ಬಿಡುತ್ತಾರೋ, ದೆಹಲಿಯಲ್ಲಿ ಆ ಶೇಕಡಾಕ್ಕೆ ಎಸ್‌ಎಸ್‌ಬಿ ಕರೆ ಬರುತ್ತದೆ! ಆದರೆ ತಪ್ಪು ಉತ್ತರಕ್ಕೆ ಮೂರರಲ್ಲೊಂದು ಭಾಗ ಅಂಕ ಕತ್ತರಿಸುವ ಪರೀಕ್ಷೆ ಅದು. ಕಣ್ಣುಮುಚ್ಚಿ ಗುರುತು ಹಾಕುವವನಿಗಲ್ಲ.

ಅಂಕ ಕೇಳುವ ಬಾಗಿಲುಗಳೂ ಉಂಟು. ಭೂಸೇನೆಯ ಟೆಕ್ನಿಕಲ್ ಎಂಟ್ರಿ ಸ್ಕೀಮ್‌ಗೆ (ಟಿಇಎಸ್) ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಮೂರರಲ್ಲಿ ಒಟ್ಟು ಶೇ. 60 ಬೇಕು, ಏಳಿಮಲೆಯ ನೌಕಾ ಅಕಾಡೆಮಿಯ ಬಿ.ಟೆಕ್ ಪ್ರವೇಶಕ್ಕೆ ಶೇ. 70, ಇಂಗ್ಲಿಷಿನಲ್ಲಿ 50. ಎರಡಕ್ಕೂ ಜೆಇಇ ಮೇನ್ ಬರೆದಿರಬೇಕು. ಆದ್ದರಿಂದ ಪಿಯುಸಿ ಅಂಕ ಏರಿಸಿಕೊಳ್ಳುವ ಪರೀಕ್ಷೆ-2 ಎಂಬ ಅವಕಾಶವನ್ನು ಅವಮಾನವೆಂದು ತಿಳಿಯದೆ ಕೂತು ಬರೆಯತಕ್ಕದ್ದು.

ಅತ್ತೆಯ ಹರಕೆವಾದವನ್ನು ಖಂಡಿಸುವ ಧೈರ್ಯ ಗ್ರಂಥಕರ್ತನಿಗಿಲ್ಲ.

ನೆಪಚತುಷ್ಟಯ

ಅಲ್ಪಾಂಕವನ್ನು ಸಮರ್ಥಿಸುವ ಬಗೆ ನಾಲ್ಕು. ಒಂದು, ಜಾಂಡೀಸ್: ಪರೀಕ್ಷೆಗೆ ಸರಿಯಾಗಿ ಬಂದು ರಜೆಯಲ್ಲಿ ಗುಣವಾಗುವಂಥದ್ದು. ಎರಡು, ಕುಟುಂಬದ ನೇಮ. ಮಾರ್ಚ್‌ನಲ್ಲೇ ಯಾಕೆ ಎಂದು ದೈವವನ್ನು ಕೇಳುವಂತಿಲ್ಲ. ಮೂರು, ಎದುರು ಗದ್ದೆಯ ಯಕ್ಷಗಾನ, ಬೆಳಗಿನವರೆಗೂ ಚೆಂಡೆ. ನಾಲ್ಕು, ವ್ಯಾಲ್ಯುಯೇಶನ್ ಸರಿಯಿಲ್ಲ. ನಾಲ್ಕೂ ಉಡುಪಿ ರೈಲ್ವೆ ಸ್ಟೇಷನ್ನಿನವರೆಗೆ ನಡೆಯುತ್ತವೆ. ಪಂಚಗಂಗಾ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿನ ಸೆಲೆಕ್ಷನ್ ಸೆಂಟರ್ ತಲುಪಿದ ಮೇಲೆ ಒಂದೂ ನಡೆಯುವುದಿಲ್ಲ.

ಅಲ್ಲಿ ಪಿಐಕ್ಯೂ ಎಂಬ ಫಾರಂ. ಹತ್ತನೆಯದರಲ್ಲಿ ಎಷ್ಟು, ಹನ್ನೆರಡನೆಯದರಲ್ಲಿ ಎಷ್ಟು ಎಂದು ಹುಡುಗ ಕೈಯಾರೆ ತುಂಬಬೇಕು. ಸಂದರ್ಶನದ ಅಧಿಕಾರಿ 95ರ ಮೇಲೆ ಬೆರಳಿಟ್ಟು, ಮೆಲ್ಲಗೆ 58ಕ್ಕೆ ಇಳಿಸಿ, ‘ಇಲ್ಲಿ ಏನಾಯಿತು?’ ಎನ್ನುತ್ತಾರೆ. ಜಾಂಡೀಸ್ ಎಂದನೋ, ಯಾವ ಆಸ್ಪತ್ರೆ, ಎಷ್ಟು ದಿನ, ಉಳಿದ ತಿಂಗಳುಗಳಲ್ಲಿ ಏನು ಮಾಡಿದೆ ಎಂಬ ಸರಮಾಲೆ. ಅತ್ತ ಮನಶ್ಶಾಸ್ತ್ರಜ್ಞರ ಮುಂದಿನ ಆತ್ಮಪರಿಚಯದಲ್ಲಿ, ‘ಕಬಡ್ಡಿ ಜಾಸ್ತಿಯಾಯಿತೆಂದು ಮೇಷ್ಟ್ರು ಬೈಯುತ್ತಿದ್ದರು’ ಎಂದು ಇವನೇ ಬರೆದಿರುತ್ತಾನೆ. ಮನಸಾ, ವಾಚಾ, ಕರ್ಮಣಾ ಒಂದೇ ಆಗಿರುವವನನ್ನು ಹುಡುಕುವುದು ಎಸ್‌ಎಸ್‌ಬಿಯ ತತ್ತ್ವ. ಅದಕ್ಕೆಂದೇ ಮೂವರು ಪರೀಕ್ಷಕರು, ಐದು ದಿನ. ಕಬಡ್ಡಿಯೂ ಕಾಮಾಲೆಯೂ ಕೊನೆಯ ದಿನದ ಕಾನ್ಫರೆನ್ಸ್ ಮೇಜಿನ ಮೇಲೆ ಮುಖಾಮುಖಿಯಾಗುತ್ತವೆ.

ಸಿದ್ಧಾಂತ

ಗ್ರಾಹ್ಯವಾದ ಉತ್ತರ ಹೀಗಿರುತ್ತದೆ: ‘ಆಟ ಜಾಸ್ತಿಯಾಯಿತು ಸರ್. ಕ್ಲಾಸ್ ಟೆಸ್ಟಿನಲ್ಲೇ ಗೊತ್ತಾಗಿತ್ತು, ತಿದ್ದಿಕೊಳ್ಳಲಿಲ್ಲ. ಇಂಟಿಗ್ರೇಶನ್ ಕೈಕೊಟ್ಟಿತ್ತು, ಆಮೇಲೆ ಕೂತು ಬಿಡಿಸಿದೆ, ಪರೀಕ್ಷೆ-2ರಲ್ಲಿ ಅಂಕ ಏರಿತು.’ ಅಧಿಕಾರಿ ಆಗಲೇ ಒಂದು ಇಂಟಿಗ್ರೇಶನ್ ಕೊಟ್ಟರೆ ಬಿಡಿಸಲು ಬರಬೇಕು. ಬರದಿದ್ದರೆ ಇದೂ ಐದನೆಯ ನೆಪವಾಗುತ್ತದೆ. ಕಡಿಮೆ ಅಂಕವನ್ನು ಅವರು ಕ್ಷಮಿಸಿಯಾರು, ಅದರ ಮೇಲೆ ಕಟ್ಟಿದ ಕತೆಯನ್ನಲ್ಲ.

ಫಲಶ್ರುತಿ

ಈ ಪ್ರಕರಣವನ್ನು ನಿತ್ಯ ಪಠಿಸುವ ಅಲ್ಪಾಂಕಿಗೆ ಎನ್‌ಡಿಎ ಸೀಟು ಖಚಿತವೆಂದು ಗ್ರಂಥಕರ್ತ ಹೇಳಲಾರ. ಪಠಣ ಬಿಟ್ಟು ಗಣಿತದ 120 ಪ್ರಶ್ನೆಗಳನ್ನು ಎರಡೂವರೆ ಗಂಟೆಯಲ್ಲಿ ಬಿಡಿಸುವ ಅಭ್ಯಾಸ ಮಾಡಿದವನಿಗೆ ಸಿಕ್ಕರೂ ಸಿಗಬಹುದು. ಶ್ರದ್ಧೆಯಿಂದ ಓದಿದ ನೆಂಟರಿಷ್ಟರಿಗಾದರೋ, ಫಲಿತಾಂಶದ ದಿನ ಫೋನ್ ಮುಟ್ಟದಿರುವಷ್ಟು ಇಂದ್ರಿಯನಿಗ್ರಹ ಇದೇ ಜನ್ಮದಲ್ಲಿ ಪ್ರಾಪ್ತವಾಗುತ್ತದೆ.