ಅವಸರವಿಲ್ಲದ ಸಿಟ್ಟು

ಪಂಕ್ ಸಂಗೀತದ ಸಿಟ್ಟಿನಲ್ಲಿ ಒಂದು ಅನುಕೂಲವಿದೆ: ಎರಡು ನಿಮಿಷದಲ್ಲಿ ಮುಗಿದುಹೋಗುತ್ತದೆ. ಸರ್ಕಾರ, ಯುದ್ಧ, ಪೊಲೀಸು ಎಲ್ಲವನ್ನೂ ಒಂದೇ ಉಸಿರಿಗೆ ಬೈದು, ಗಿಟಾರ್ ಕೆಳಗಿಟ್ಟು ಎದ್ದುಬಿಡಬಹುದು. ಇಂಗ್ಲೆಂಡಿನ ಅಮೆಬಿಕ್ಸ್ ತಂಡದವರಿಗೆ ಈ ಶಿಸ್ತಿರಲಿಲ್ಲ. 1985ರಲ್ಲಿ ಬಂದ ಅವರ 'ಅರೈಸ್!' ಆಲ್ಬಮ್ಮಿನಲ್ಲಿ ಸಿಟ್ಟು ಕಾಲೆಳೆದುಕೊಂಡು ಬರುತ್ತದೆ. ಮೊದಲ ಹಾಡು 'ದ ಮೂರ್'ನಲ್ಲಿ ಮಾತೇ ಇಲ್ಲ. ಆಮೇಲೆ ಹಾಡುವವನು ಬಾಯಿ ತೆರೆದಾಗ, ಇಲ್ಲದಿದ್ದರೇ ವಾಸಿಯಿತ್ತು ಅನಿಸುತ್ತದೆ.

ನಮ್ಮಜ್ಜಿಯ ಕೋಪವೂ ಹೀಗೇ ಇತ್ತು. ತಾತ ಕೂಗಾಡಿ ಐದು ನಿಮಿಷಕ್ಕೆ ಮರೆತುಬಿಡುತ್ತಿದ್ದರು. ಅಜ್ಜಿ ಬೆಳಗ್ಗೆ ಒಲೆ ಹಚ್ಚುವಾಗ ಹಿಡಿದ ಗೊಣಗಾಟ ರಾತ್ರಿ ಹಾಸಿಗೆ ಬಿಡಿಸುವವರೆಗೂ ಅದೇ ಶ್ರುತಿಯಲ್ಲಿ ಸಾಗುತ್ತಿತ್ತು. ಮನೆಮಂದಿ ಹೆದರುತ್ತಿದ್ದದ್ದು ಅಜ್ಜಿಗೆ.

ಅಮೆಬಿಕ್ಸ್‌ನ ರಾಬ್ ಮಿಲ್ಲರ್, ಸ್ಟಿಗ್ ಮಿಲ್ಲರ್ ಅಣ್ಣತಮ್ಮಂದಿರು ಡೆವನ್ ಕಡೆಯವರು. ಬ್ರಿಸ್ಟಲ್‌ಗೆ ಹೋಗಿ, ಖಾಲಿ ಬಿದ್ದ ಮನೆಗಳಲ್ಲಿ ಬಾಡಿಗೆಯಿಲ್ಲದೆ ಬಿಡಾರ ಹೂಡಿದರು. ಬ್ಲ್ಯಾಕ್ ಸಬ್ಬಾತ್ ತಂಡದ ಭಾರ, ಮೋಟರ್‌ಹೆಡ್ ತಂಡದ ಒರಟುತನ, ಪಂಕ್‌ನ ಹಟ ಮೂರನ್ನೂ ಒಂದೇ ಪಾತ್ರೆಗೆ ಹಾಕಿ ಕಲಸಿದರು. ತೊಳೆಯುವ ಗೋಜಿಗೆ ಮಾತ್ರ ಹೋಗಲಿಲ್ಲ. ಕ್ರಸ್ಟ್ ಪಂಕ್ ಎಂಬ ಪಂಥದ ಮೂಲಪುರುಷರಲ್ಲಿ ಇವರೂ ಸೇರುತ್ತಾರೆ. ಆ ಪಂಥದ ಭಕ್ತರು ತೇಪೆ ಹಾಕಿದ ಕರಿಬಟ್ಟೆಯನ್ನು ಒಗೆಯದೆ ಉಡುವುದನ್ನೇ ಮಡಿ ಎಂದುಕೊಂಡವರು. 'ಅರೈಸ್!' ಹೊರತಂದದ್ದು ಅಮೆರಿಕದ ಆಲ್ಟರ್ನೇಟಿವ್ ಟೆಂಟಕಲ್ಸ್ ಕಂಪನಿ. ಮುಂದೆ ಅದೇ ದೇಶದ ನ್ಯೂರೋಸಿಸ್‌ನಂಥ ತಂಡಗಳು ಈ ಕೆಸರಿನಲ್ಲೇ ಕಾಲೂರಿ ನಿಂತವು.

ನಾನು ಈ ಆಲ್ಬಮ್ ಕೇಳುತ್ತಿದ್ದಾಗ ಹೆಂಡತಿ ಬಾಗಿಲಲ್ಲಿ ನಿಂತು, "ರೀ, ಇವರಿಗೆ ಯಾರೂ ಊಟ ಹಾಕಲಿಲ್ಲವಾ?" ಎಂದಳು. ಸಂಗೀತ ವಿಮರ್ಶಕರು ಪುಟಗಟ್ಟಲೆ ಬರೆದೂ ಇಷ್ಟು ಹತ್ತಿರ ಹೋಗಿಲ್ಲ. ಬಾಡಿಗೆ ಕೊಡಲಾಗದವರ ಹೊಟ್ಟೆ ಇನ್ನೇನು ಹಾಡೀತು? ಬಡತನವನ್ನು ಇಂಪಾಗಿ ಹಾಡುವವರನ್ನು ನಾನು ಬೇಕಾದಷ್ಟು ಕೇಳಿದ್ದೇನೆ. ಅವರ ತಂಬೂರಿ ಬಹಳ ದುಬಾರಿಯದು.

1987ರಲ್ಲಿ 'ಮೊನೊಲಿತ್' ಆಲ್ಬಮ್ ತಂದು ತಂಡ ಚದುರಿತು. ರಾಬ್ ಸ್ಕಾಟ್ಲೆಂಡಿನ ಸ್ಕೈ ದ್ವೀಪಕ್ಕೆ ಹೋಗಿ ಕತ್ತಿ ಮಾಡುವ ಕಮ್ಮಾರನಾದ. ಉಳಿದ ರಾಕ್ ತಾರೆಯರು ವೈನ್ ಮಾಡುತ್ತಾರೆ, ಆತ್ಮಕಥೆ ಬರೆಯುತ್ತಾರೆ; ಈತ ನಿಜವಾದ ಖಡ್ಗ ಬಡಿದ. ನಡುವೆ ತಂಡ ಮತ್ತೆ ಕೂಡಿ, 2011ರಲ್ಲಿ 'ಸೋನಿಕ್ ಮಾಸ್' ಎಂಬ ಆಲ್ಬಮ್ಮನ್ನೂ ಕೊಟ್ಟಿತು.

'ಅರೈಸ್!' ಕೇಳುವ ಮನಸ್ಸಿದ್ದರೆ, ಮನೆಯವರೆಲ್ಲ ಯಾವುದಾದರೂ ಮದುವೆಗೆ ಹೋದ ದಿನ ನೋಡಿಕೊಳ್ಳಿ. ನಡುವೆ ನಿಲ್ಲಿಸಬೇಡಿ.