ಬಸವಳಿಯದ ಆಶಾ: ಅಧಿಕಾರಿಗಳಿಗೊಂದು ಕೈಪಿಡಿ

ನಿಮ್ಮ ತಾಲ್ಲೂಕಿನ ಆಶಾ ಕಾರ್ಯಕರ್ತೆಯರು ಸುಸ್ತಾಗಿದ್ದಾರೆಂಬ ದೂರು ಬಂದಿದೆಯೇ? ಗಾಬರಿಯಾಗಬೇಡಿ. ಸುಸ್ತಾಗುವುದು ನೌಕರರಿಗೆ. 2005ರಲ್ಲಿ ಗ್ರಾಮೀಣ ಆರೋಗ್ಯ ಅಭಿಯಾನ ಶುರುವಾದಂದಿನಿಂದ ಆಶಾ ನೌಕರಳಲ್ಲ, ಸ್ವಯಂಸೇವಕಿ. ಇದನ್ನು ಪ್ರತಿ ಸಭೆಯಲ್ಲೂ ನೆನಪಿಸಿ. ಸಂಬಳವಿಲ್ಲದವರಿಗೆ ರಜೆ ಎಲ್ಲಿಂದ ಬರಬೇಕು?

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಬರ್ನ್‌ಔಟ್, ಅಂದರೆ ಈ ಬಸವಳಿಕೆ, ಬರುವುದು ಕೆಲಸದ ಜಾಗದ ಒತ್ತಡದಿಂದ. ಹಾಗಾದರೆ ಜಾಗವನ್ನೇ ಕೊಡಬೇಡಿ. ಪಿಎಚ್‌ಸಿಗೆ ಬಂದರೆ ಕುರ್ಚಿ ತೋರಿಸಬೇಡಿ.

ಈಗ ಕೆಲಸ ಹಂಚಿ. ಸಾವಿರ ಜನಕ್ಕೆ ಒಬ್ಬಳು, ಧಾರಾಳವಾಯಿತು. ಆಸ್ಪತ್ರೆಯಲ್ಲಿ ಹೆರಿಗೆಯಾದ ಮಗುವಿನ ಮನೆಗೆ 3, 7, 14, 21, 28, 42ನೇ ದಿನ ಹೋಗಲಿ. ನಡುವಿನ ದಿನಗಳು ಖಾಲಿ ಕಾಣುತ್ತವೆ. ಅಲ್ಲಿಗೆ ಲಾರ್ವಾ ಸಮೀಕ್ಷೆ, ಕುಷ್ಠರೋಗ ಪತ್ತೆ, ಕ್ಷಯದ ಕಫದ ಡಬ್ಬಿ ತುಂಬಿ. ರಾತ್ರಿ ಖಾಲಿ ಬಿಡಿ, ಹೆರಿಗೆ ನೋವು ತಾನೇ ಬರುತ್ತದೆ.

ಹಣದ ವಿಷಯದಲ್ಲಿ ಮಾತ್ರ ಆತುರ ಬೇಡ. ಆಕೆ ಕೈ ತೊಳೆದು, ಮಗುವನ್ನು ಜೋಳಿಗೆ ತಕ್ಕಡಿಯಲ್ಲಿ ತೂಗಿ, ಜ್ವರ ನೋಡಿ, ಹಾಲು ಹಿಡಿಯುತ್ತಿದೆಯೇ ಎಂದು ಬಾಣಂತಿಯನ್ನು ಕೇಳಿ, ಎಲ್ಲವನ್ನೂ ಪುಸ್ತಕದಲ್ಲಿ ಬರೆದಿರಲಿ. ಅದು ಕೆಲಸವಾಗಲಿಲ್ಲ. ಇಲಾಖೆಯ ಆನ್‌ಲೈನ್ ಪೋರ್ಟಲ್‌ಗೆ ಏರಿದ್ದು ಮಾತ್ರ ಕೆಲಸ. ಆರು ಭೇಟಿಗೆ 250 ರೂಪಾಯಿ. ಪೋರ್ಟಲ್ ನುಂಗಿದರೆ ಶೂನ್ಯ. ಕೇಳಲು ಬಂದರೆ 'ಸರ್ವರ್ ಡೌನ್ ಇದೆಯಮ್ಮಾ' ಅನ್ನಿ. ಈ ವಾಕ್ಯಕ್ಕೆ ಇವತ್ತಿನವರೆಗೆ ಯಾರೂ ಉತ್ತರ ಕಂಡುಹಿಡಿದಿಲ್ಲ.

ಮನಸ್ಸಿನ ಆರೋಗ್ಯವನ್ನೂ ಮರೆಯಬೇಡಿ. ಭಾನುವಾರ ಯೋಗ ಶಿಬಿರ ಇಡಿ, ಹಾಜರಾತಿ ಕಡ್ಡಾಯ ಮಾಡಿ, ಬಸ್ ಚಾರ್ಜು ಅವರೇ ಹಾಕಿಕೊಳ್ಳಲಿ. 2022ರಲ್ಲಿ ಆಶಾಗಳಿಗೆ ವಿಶ್ವ ಆರೋಗ್ಯ ಸಂಸ್ಥೆಯ ಗೌರವ ಬಂದಿತಲ್ಲ, ಅದರ ಫ್ಲೆಕ್ಸ್ ಮಾಡಿಸಿ. ಶಾಸಕರ ಮುಖ ದೊಡ್ಡದಿರಲಿ. ಗುಲಾಬಿ ಸೀರೆಯವರು ಹಿಂದಿನ ಸಾಲಿನಲ್ಲಿ ನಿಂತರೂ ಎದ್ದು ಕಾಣುತ್ತಾರೆ.

ಇಷ್ಟೆಲ್ಲ ಮಾಡಿದರೂ 2025ರ ಜನವರಿಯಲ್ಲಿ ಮಾಡಿದಂತೆ ತಿಂಗಳಿಗೆ 15 ಸಾವಿರ ಕೇಳಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಕೂತುಬಿಟ್ಟರೆ, ಭರವಸೆ ಕೊಟ್ಟು ಊರಿಗೆ ಕಳಿಸಿ. ತಲುಪಿದ ಮರುದಿನವೇ ಸಮೀಕ್ಷೆ ಇಟ್ಟುಕೊಳ್ಳಿ. ಆದೇಶ ಯಾವಾಗ ಬರುತ್ತದೆ ಎಂದು ಕೇಳಿದರೆ, ಫೈಲು ಹಣಕಾಸು ಇಲಾಖೆಯಲ್ಲಿದೆ ಅಂದುಬಿಡಿ.